ತಂಪು ನೀರಿನ ನಗರ ನೈರೋಬಿ

ಪೂರ್ವ ಆಫ್ರಿಕಾದ ಕೀನ್ಯಾ ದೇಶದ ರಾಜಧಾನಿಯಾದ ನೈರೋಬಿಯು ಭೂಮಧ್ಯರೇಖೆಗೆ ದಕ್ಷಿಣದಲ್ಲಿ, ಅದರಿಂದ ನೂರೈವತ್ತು ಕಿಲೋಮೀಟರಿಗೂ ಕಡಿಮೆ ದೂರದಲ್ಲಿದೆ. ಇಷ್ಟು ಕೇಳಿದೊಡನೆ ಉರಿಬಿಸಿಲಿನ ಊರೊಂದನ್ನು ಕಲ್ಪಿಸಿಕೊಳ್ಳುವವರೇ ಹೆಚ್ಚು. ವಾಸ್ತವವಾಗಿ ಅದು ಸಮುದ್ರಮಟ್ಟದಿಂದ ಸುಮಾರು 1,795 ಮೀಟರ್ ಎತ್ತರದಲ್ಲಿದೆ. ನಮ್ಮ ನಂದಿಬೆಟ್ಟದ ನೆತ್ತಿಗಿಂತಲೂ ಮುನ್ನೂರು ಮೀಟರ್ ಮೇಲೆ. ಬಂಧುಗಳ ಆಹ್ವಾನಕ್ಕೆ ಓಗೊಟ್ಟು ಮುಂಬಯಿ ಮಾರ್ಗವಾಗಿ ಅಲ್ಲಿಗೆ ತೆರಳಿ ಮೂರು ವಾರ ಕಳೆದ ನಮಗೆ, ಜುಲೈ ತಿಂಗಳ ಬೆಳಗಿನಲ್ಲಿ ಹೊದ್ದ ಶಾಲನ್ನು ಹತ್ತು ಗಂಟೆಯವರೆಗೂ ತೆಗೆಯುವ ಮನಸ್ಸಾಗುತ್ತಿರಲಿಲ್ಲ.

ಮಸಾಯಿ ಎಂಬ ಗೋಪಾಲಕ ಜನಾಂಗದ ಭಾಷೆಯಲ್ಲಿ 'ಎಂಕಾರೆ ನೈರೋಬಿ' ಎಂದರೆ ತಂಪಾದ ನೀರು. ಬೇಸಗೆಯಲ್ಲಿ ದನಗಳಿಗೆ ನೀರು ಕುಡಿಸಲು ಅವರು ಬರುತ್ತಿದ್ದ ಜೌಗು ಬಯಲು ಅದು. 1896ರಲ್ಲಿ ಬ್ರಿಟಿಷರು ಮೊಂಬಾಸಾ ಬಂದರಿನಿಂದ ವಿಕ್ಟೋರಿಯಾ ಸರೋವರದತ್ತ ರೈಲುಹಳಿ ಹಾಕಲಾರಂಭಿಸಿದರು. 1899ರ ಮೇ ಕೊನೆಯಲ್ಲಿ ಹಳಿಯು ಈ ಬಯಲನ್ನು ಮುಟ್ಟಿತು. ಮುಂದೆ ಕಡಿದಾದ ಏರು. ಸಾಮಾನು ಇಳಿಸಿ ಅಣಿಗೊಳಿಸಲು ಇದೇ ಕೊನೆಯ ಸಮತಟ್ಟು ಜಾಗ. ಹೀಗೆ ನಿಂತ ಡೇರೆಗಳ ಸಾಲೇ 1905ರಲ್ಲಿ ರಾಜಧಾನಿಯಾಯಿತು. ರಾಜಧಾನಿಗಳಿಗೆ ಸಾಮಾನ್ಯವಾಗಿ ಒಬ್ಬ ದೊರೆಯೋ ಕೋಟೆಯೋ ಮೂಲವಾಗಿರುವುದುಂಟು. ನೈರೋಬಿಗೆ ಕೆಂಪೇಗೌಡರಿಲ್ಲ.

ಆ ಹಳಿ ಹಾಕಿದವರು ಯಾರು? ಸುಮಾರು 32,000 ಮಂದಿ ಭಾರತೀಯ ಕೂಲಿಕಾರರು. ಅವರಲ್ಲಿ ಪಂಜಾಬಿನವರೇ ಅಧಿಕ. ಸುಮಾರು 2,500 ಜನ ರೋಗ, ಅಪಘಾತಗಳಿಂದ ಅಲ್ಲಿಯೇ ಮಡಿದರು. 1898ರಲ್ಲಿ ತ್ಸಾವೊ ನದಿಯ ಬಳಿ ಸೇತುವೆ ಕಟ್ಟುತ್ತಿದ್ದವರನ್ನು ಎರಡು ಸಿಂಹಗಳು ತಿಂಗಳುಗಟ್ಟಲೆ ಹಿಡಿದು ತಿಂದ ಕಥೆ ಜಗತ್ಪ್ರಸಿದ್ಧ. ಸಿಂಹಗಳನ್ನು ಕೊಂದ ಸಾಹೇಬನ ಹೆಸರು ಪುಸ್ತಕಗಳಲ್ಲಿ ಉಳಿದಿದೆ. ತಿನ್ನಿಸಿಕೊಂಡವರ ಹೆಸರನ್ನು ಬಲ್ಲವರು ವಿರಳ. ಒಪ್ಪಂದ ಮುಗಿದ ಮೇಲೆ ಆರು ಸಾವಿರಕ್ಕೂ ಹೆಚ್ಚು ಜನ ಅಲ್ಲಿಯೇ ನೆಲೆಸಿದರು. ಗುಜರಾತಿನ ವರ್ತಕರೂ ಗೋವೆಯ ಗುಮಾಸ್ತರೂ ಬಂದು ಸೇರಿದರು. ನಮ್ಮ ಕನ್ನಡಿಗರು ಅಲ್ಲಿ ಸಂಖ್ಯೆಯಲ್ಲಿ ಅಲ್ಪರು.

ಮೊಂಬಾಸಾ ಹೆದ್ದಾರಿಯಲ್ಲಿರುವ ಮಕಿಂಡು ಎಂಬ ಸಣ್ಣ ಊರನ್ನು ಇಲ್ಲಿ ನೆನೆಯಬೇಕು. ರೈಲ್ವೆಯ ಸಿಖ್ ಕೆಲಸಗಾರರು 1926ರಲ್ಲಿ ಅಲ್ಲಿ ಗುರುದ್ವಾರವನ್ನು ನಿರ್ಮಿಸಿದರು. ದಾರಿಹೋಕರಿಗೆ ಜಾತಿ, ಬಣ್ಣ ಕೇಳದೆ ಊಟ, ವಸತಿ ಇಂದಿಗೂ ನಡೆದಿದೆ. ಮಠದ ದಾಸೋಹದಲ್ಲಿ ಉಂಡು ಓದಿದ ನಮಗೆ ಆ ಪಂಕ್ತಿಯಲ್ಲಿ ಕುಳಿತಾಗ ಪರದೇಶವೆನಿಸಲಿಲ್ಲ.

ಭಾರತೀಯರ ಗುರುತು ಅಲ್ಲಿನ ಸ್ವಾಹಿಲಿ ನುಡಿಯಲ್ಲೂ ಬೆರೆತಿದೆ. ಅಂಗಡಿಗೆ 'ಡುಕಾ', ವಾಹನಕ್ಕೆ 'ಗಾರಿ', ವಿಮೆಗೆ 'ಬಿಮಾ', ಹಣಕ್ಕೆ 'ಪೆಸಾ'. 2007ರಲ್ಲಿ ಅಲ್ಲಿ ಆರಂಭವಾಗಿ ಲೋಕದ ಗಮನ ಸೆಳೆದ, ಮೊಬೈಲಿನಲ್ಲೇ ಹಣ ಕಳುಹಿಸುವ 'ಎಂ-ಪೆಸಾ' ವ್ಯವಸ್ಥೆಯ ಹೆಸರಿನೊಳಗೂ ನಮ್ಮ ಪೈಸೆಯೇ ಇದೆ. ಇಂದಿನ ನೈರೋಬಿ ವಿಶ್ವವಿದ್ಯಾಲಯಕ್ಕೆ ಮೂಲವಾದ ಕಾಲೇಜಿನ ಸ್ಥಾಪನೆಗೆ ಭಾರತೀಯರು ಗಾಂಧೀಸ್ಮಾರಕ ನಿಧಿಯನ್ನು ಕೂಡಿಸಿ ಕೊಟ್ಟರು. ಅಲ್ಲಿನ ಗಾಂಧೀ ಪ್ರತಿಮೆಯನ್ನು 1956ರಲ್ಲಿ ಅನಾವರಣಗೊಳಿಸಿದವರು ಒಂದು ಕಾಲಕ್ಕೆ ಮೈಸೂರು ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿದ್ದ ಡಾ. ರಾಧಾಕೃಷ್ಣನ್.

ಇಷ್ಟೆಲ್ಲ ಇದ್ದರೂ ಆ ನೆಲ ಯಾರದಾಗಿತ್ತು ಎಂಬ ಪ್ರಶ್ನೆಯನ್ನು ಬಿಟ್ಟು ನೈರೋಬಿಯನ್ನು ಅರಿಯಲಾಗದು. 1904ರಲ್ಲಿ ಬ್ರಿಟಿಷರು ಮಸಾಯಿಗಳೊಡನೆ ಒಪ್ಪಂದ ಮಾಡಿಕೊಂಡು, ಅವರನ್ನು ರೈಲುದಾರಿಯ ಬಳಿಯ ಹುಲ್ಲುಗಾವಲುಗಳಿಂದ ತೆರವುಗೊಳಿಸಿದರು. ಉತ್ತರಕ್ಕೆ ಹೋದವರಿಗೆ ಆ ನೆಲ ಶಾಶ್ವತವೆಂದು ಮಾತುಕೊಟ್ಟರು. ಏಳೇ ವರ್ಷಗಳಲ್ಲಿ, 1911ರ ಮತ್ತೊಂದು ಒಪ್ಪಂದದ ಮೂಲಕ ಅಲ್ಲಿಂದಲೂ ಎಬ್ಬಿಸಿದರು. ಮಸಾಯಿಗಳು ನ್ಯಾಯಾಲಯಕ್ಕೆ ಹೋದರು. 1913ರಲ್ಲಿ ದಾವೆ ವಜಾ ಆಯಿತು. ಎತ್ತರದ ಫಲವತ್ತಾದ ಭೂಮಿ ಬಿಳಿಯರಿಗೆ ಮೀಸಲಾಯಿತು. ಹಳಿ ಹಾಕಿದ ಭಾರತೀಯನಿಗೂ ಅಲ್ಲಿ ಹೊಲ ಕೊಳ್ಳುವ ಹಕ್ಕಿರಲಿಲ್ಲ. ನಗರದೊಳಗೂ ಅದೇ ಕ್ರಮ: ಪಶ್ಚಿಮದ ದಿಣ್ಣೆಗಳು ಐರೋಪ್ಯರಿಗೆ, ಪಾರ್ಕ್‌ಲ್ಯಾಂಡ್ಸ್ ಮುಂತಾದವು ಭಾರತೀಯರಿಗೆ, ಪೂರ್ವದ ತಗ್ಗು ಆಫ್ರಿಕನ್ನರಿಗೆ. 1963ರ ಡಿಸೆಂಬರ್ 12ರಂದು ಸ್ವಾತಂತ್ರ್ಯ ಬಂದಿತು. ಕಾನೂನಿನ ಗೆರೆಗಳು ಅಳಿಸಿದರೂ ಹಣದ ಗೆರೆಗಳು ಅಲ್ಲಿಯೇ ಉಳಿದಿವೆ. ಮುಥೈಗಾದ ಹೂದೋಟಗಳ ಬಂಗಲೆಗಳಿಂದ ಕಿಬೇರಾದ ತಗಡಿನ ಗುಡಿಸಲುಗಳಿಗೆ ಹೆಚ್ಚು ದೂರವಿಲ್ಲ.

ಸಾರ್ವಜನಿಕ ಜಾಗವನ್ನು ಕಾಯುವುದರಲ್ಲಿ ಆ ಊರಿನ ಮಹಿಳೆಯರು ತೋರಿದ ಧೈರ್ಯ ವಿಶೇಷವಾದುದು. 1989ರಲ್ಲಿ ನಗರಮಧ್ಯದ ಉಹುರು ಉದ್ಯಾನದಲ್ಲಿ ಅರುವತ್ತು ಅಂತಸ್ತಿನ ಕಟ್ಟಡವೇಳಲಿದ್ದಾಗ ಪ್ರತಿಭಟಿಸಿ ತಡೆದವರು ವಂಗಾರಿ ಮಾತಾಯಿ; ಮುಂದೆ 2004ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಸಂದಿತು. ಕರಾಚಿ ಮೂಲದ ವರ್ತಕ ಜೀವನ್‌ಜೀ 1906ರಲ್ಲಿ ಜನರಿಗೆ ದಾನವಿತ್ತ ತೋಟವನ್ನು 1991ರಲ್ಲಿ ಕಬಳಿಸುವ ಯತ್ನ ನಡೆದಾಗ, ಅವರ ಮೊಮ್ಮಗಳು ಜರೀನಾ ಪಟೇಲ್ ಬೀದಿಗಿಳಿದು ಉಳಿಸಿದರು. ಆ ತೋಟದ ಕಲ್ಲುಬೆಂಚಿನ ಮೇಲೆ ಒಂದು ಮಧ್ಯಾಹ್ನ ಕುಳಿತಿದ್ದೆವು. ಒಂದು ಮರದಡಿ ಧರ್ಮೋಪದೇಶ, ಇನ್ನೊಂದರಡಿ ರಾಜಕೀಯದ ವಾಗ್ವಾದ. ಹೊರಗೆ 'ಮತಾಟು' ಎಂಬ ಬಣ್ಣಬಣ್ಣದ ಖಾಸಗಿ ಬಸ್ಸುಗಳ ಅಬ್ಬರ. ಅವುಗಳ ಸಂಗೀತದ ಸದ್ದನ್ನು ವರ್ಣಿಸುವ ಶಕ್ತಿ ನಮಗಿಲ್ಲ.

ನಗರದ ಅಂಚಿನಲ್ಲೇ 1946ರಲ್ಲಿ ಸ್ಥಾಪಿತವಾದ, ಸುಮಾರು 117 ಚದರ ಕಿಲೋಮೀಟರಿನ ವನ್ಯಧಾಮವಿದೆ. ಜಿರಾಫೆಗಳ ಹಿಂದೆ ಗಗನಚುಂಬಿ ಕಟ್ಟಡಗಳು ಕಾಣುವ ನೋಟ ಅಪೂರ್ವ. 2019ರಲ್ಲಿ ಆರಂಭವಾದ ಹೊಸ ರೈಲು ಅದರ ಮೇಲೆಯೇ ಸೇತುವೆಯಲ್ಲಿ ಹಾದುಹೋಗುತ್ತದೆ.

ನಮ್ಮ ಭಾಗದ ಓದುಗರು ಲಕ್ಷ್ಯವಿಟ್ಟು ನೋಡಬೇಕಾದದ್ದು ನೀರನ್ನು. ತಂಪು ನೀರಿನ ಹೆಸರು ಹೊತ್ತ ನದಿ ಇಂದು ಚರಂಡಿಯಂತೆ ಹರಿಯುತ್ತಿದೆ. 2019ರ ಜನಗಣತಿಯಂತೆ 44 ಲಕ್ಷ ಜನರಿರುವ ನಗರದ ನೀರಿನ ಬಹುಪಾಲು ಉತ್ತರದ ಮುರಾಂಗಾ ಜಿಲ್ಲೆಯ ಥಿಕಾ ಅಣೆಕಟ್ಟಿನಿಂದ ಬರುತ್ತದೆ. ಕಿಬೇರಾದ ಬಡವರು ಕ್ಯಾನುಗಟ್ಟಲೆ ಕೊಳ್ಳುವ ನೀರಿನ ಬೆಲೆ ಬಂಗಲೆಯ ನಲ್ಲಿನೀರಿಗಿಂತ ಹೆಚ್ಚು. ಬೆಂಗಳೂರೂ ಮೊದಲು ಹೀಗೆಯೇ ಹೊರಗೆ ಕೈಚಾಚಿತು. ನಂದಿಯಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಮೂಲಕ ಸಾಗುವ ಅರ್ಕಾವತಿಯ ನೀರನ್ನು 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಒಯ್ದಿತು. ನೀರಿನ ನಂತರ ನೆಲ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ತೆರೆಯಿತು. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಗಾಗಿ ರೈತರು ಮೂರು ವರ್ಷ ಧರಣಿ ಕುಳಿತ ಮೇಲೆ, 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನವನ್ನು ಕೈಬಿಟ್ಟಿತು. ಅದೇ ತಿಂಗಳು ನಮ್ಮ ಗ್ರಾಮಾಂತರ ಜಿಲ್ಲೆಗೆ 'ಬೆಂಗಳೂರು ಉತ್ತರ' ಎಂದು ಹೆಸರಿಡಲು ಸಚಿವ ಸಂಪುಟ ನಿರ್ಧರಿಸಿತು. 'ಗ್ರಾಮ' ಎಂಬ ಶಬ್ದ ಹೋಗುವುದಕ್ಕೆ ಯಾರೂ ಮರುಗಿದಂತೆ ಕಾಣಲಿಲ್ಲ.

ಗುಲಾಬಿಯೂ ಈ ಎರಡು ಸೀಮೆಗಳನ್ನು ಬೆಸೆದಿದೆ. ನೈರೋಬಿಯ ವಾಯವ್ಯಕ್ಕಿರುವ ನೈವಾಶಾ ಸರೋವರದ ದಡದಲ್ಲಿ ಪಾಲಿಹೌಸುಗಳ ಸಾಲನ್ನು ಕಂಡಾಗ ದೊಡ್ಡಬಳ್ಳಾಪುರದ ತೋಟಗಳೇ ಕಣ್ಣಮುಂದೆ ಬಂದವು. ಬೆಂಗಳೂರಿನ ಕರುಟೂರಿ ಕಂಪನಿ 2007ರಲ್ಲಿ ಅಲ್ಲಿನ ದೊಡ್ಡ ತೋಟವೊಂದನ್ನು ಕೊಂಡಿತ್ತು. ಸಾಲದ ಕಾರಣ 2014ರಲ್ಲಿ ಅದು ಬ್ಯಾಂಕು ನೇಮಿಸಿದವರ ಕೈಸೇರಿತು. ಆ ಹೂಗಳು ಹೀರುವುದೂ ಸರೋವರದ ನೀರನ್ನೇ.

ಮಳೆ ಕೈಕೊಟ್ಟ ವರ್ಷಗಳಲ್ಲಿ ಮಸಾಯಿಗಳು ಇಂದಿಗೂ ದನ ಹೊಡೆದುಕೊಂಡು ನೈರೋಬಿಗೆ ಬರುತ್ತಾರೆ. ಕೆಂಪು ಹೊದಿಕೆ, ಕೈಯಲ್ಲಿ ಕೋಲು. ಕಾರುಗಳು ಸಾಲಾಗಿ ನಿಂತು ಕಾಯುತ್ತವೆ. ರಸ್ತೆಬದಿಯ ಹುಲ್ಲನ್ನು ದನಗಳು ಮೇಯುತ್ತವೆ. ಪೊಲೀಸರು ಅಟ್ಟುವುದುಂಟು. ಅಜ್ಜಂದಿರು ನೀರು ಕುಡಿಸುತ್ತಿದ್ದ ಜಾಗದ ದಾರಿ ಅವರಿಗೆ ತಿಳಿದಿದೆ.