ಆಗ್ನೇಯದ ಕಿಟಕಿ

ಡೊಂಬಿವಲಿಯ ನಮ್ಮ ಮನೆಯಲ್ಲಿ ಆಗ್ನೇಯಕ್ಕೆ ಇರುವುದು ಒಂದೇ ಕಿಟಕಿ. ವಾಸ್ತು ಬಲ್ಲವರು ಆ ಮೂಲೆ ಅಗ್ನಿಗೆ ಮೀಸಲೆನ್ನುತ್ತಾರೆ. ನಮ್ಮಲ್ಲಿ ಅದು ಮೂರು ವರ್ಷ ಕನ್ನಡಕ್ಕೆ ಮೀಸಲಾಗಿತ್ತು.

2006ರಲ್ಲಿ ತಂದೆಯವರು ತೀರಿಕೊಂಡ ಮೇಲೆ ಅವ್ವನನ್ನು ಧಾರವಾಡದಿಂದ ಕರೆತಂದೆ. ನಾನು ಬೆಳಗಿನ ಲೋಕಲ್ ಹಿಡಿದರೆ ಮರಳುವುದು ರಾತ್ರಿಗೆ. ಮಕ್ಕಳ ಬಾಯಲ್ಲಿ ಮರಾಠಿ, ಹಿಂದಿ. ಅವ್ವ ತನ್ನ ಹಳೆಯ ಟ್ರಾನ್ಸಿಸ್ಟರಿನ ಮುಳ್ಳು ತಿರುವಿ ಧಾರವಾಡ ಆಕಾಶವಾಣಿಯನ್ನು ಹುಡುಕುವಳು. ಸಿಗುತ್ತಿದ್ದುದು ಬರೀ ಗರಗರ.

ಆಗ ಗೆಳೆಯರೊಬ್ಬರು ಉಪಗ್ರಹ ರೇಡಿಯೋದ ವಿಷಯ ಹೇಳಿದರು. ಚಂದಾ ಕಟ್ಟಿ ತಂದೆ. ಪೆಟ್ಟಿಗೆಯೊಂದು, ಅಂಗೈಯಗಲದ ಆಂಟೆನಾ ಒಂದು. ಆಂಟೆನಾಕ್ಕೂ ಉಪಗ್ರಹಕ್ಕೂ ನಡುವೆ ಗೋಡೆ, ಮರ ಅಡ್ಡ ಬರಕೂಡದು. ಹಾಗಾಗಿ ಅದು ಆ ಕಿಟಕಿಯಲ್ಲೇ ಕೂತಿತು.

ಉಪಗ್ರಹದ ಹೆಸರು ಏಷ್ಯಾಸ್ಟಾರ್. ಇಥಿಯೋಪಿಯಾದಲ್ಲಿ ಹುಟ್ಟಿದ ನೋವಾ ಸಮಾರಾ ಎಂಬವರು 1990ರಲ್ಲಿ ಕಟ್ಟಿದ ವರ್ಲ್ಡ್‌ಸ್ಪೇಸ್ ಸಂಸ್ಥೆಯದು. 1998ರಲ್ಲಿ ಆಫ್ರಿಕಾಕ್ಕಾಗಿ ಆಫ್ರಿಸ್ಟಾರ್ ಹಾರಿತು. 2000ದ ಮಾರ್ಚ್ 21ರಂದು ಫ್ರೆಂಚ್ ಗಯಾನಾದ ಕೂರೂವಿನಿಂದ ಏರಿಯಾನ್-5 ರಾಕೆಟ್ಟು ಏಷ್ಯಾಸ್ಟಾರನ್ನು ಹೊತ್ತೊಯ್ದಿತು. ಭೂಮಧ್ಯರೇಖೆಯ ಮೇಲೆ, ಪೂರ್ವ ರೇಖಾಂಶ 105 ಡಿಗ್ರಿಯಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ವೇಗಕ್ಕೆ ಸರಿಯಾಗಿ ಅದು ಸುತ್ತುತ್ತಿತ್ತು. ನಮ್ಮ ಕಣ್ಣಿಗೆ ಕಾಣದಿದ್ದರೂ ನಮ್ಮ ಕಿಟಕಿಯೆದುರು ಸದಾ ನಿಂತಂತೆಯೇ.

ಕನ್ನಡಕ್ಕೆಂದೇ ಅದರಲ್ಲಿ 'ಸ್ಪರ್ಶ' ಎಂಬ ವಾಹಿನಿಯಿತ್ತು. ಹಿಂದುಸ್ತಾನಿ ಸಂಗೀತಕ್ಕೆ 'ಗಂಧರ್ವ'. ಅವ್ವನಿಗೆ ಹಾಡಿಗಿಂತ ನಡುವಿನ ಮಾತೇ ಇಷ್ಟ. ಒಮ್ಮೆ ಕೇಳಿದಳು: "ತಮ್ಮಾ, ಅಷ್ಟ ಮ್ಯಾಲಿಂದ ಬರೋದು ಇಷ್ಟ ಸ್ವಚ್ಛ ಕೇಳಸ್ತದ. ನಮ್ಮ ಧಾರವಾಡ ಯಾಕ ಗರಗರ ಅಂತದೋ?" ವಿಜ್ಞಾನ ಹೇಳಿ ನಕ್ಕುಬಿಟ್ಟೆ. ಅವ್ವನಿಗೆ ಜೊತೆಯಾಯಿತೆಂಬ ನೆಮ್ಮದಿಯಲ್ಲಿ ನಾನು ರಾತ್ರಿ ಪತ್ರಿಕೆ ಹಿಡಿದು ಕೂರುತ್ತಿದ್ದೆ.

ಕೇಳುಗರ ಚಂದಾ ಅಂಥ ಭಾರೀ ಖರ್ಚನ್ನು ಹೊರಲಿಲ್ಲ. 2008ರ ಅಕ್ಟೋಬರಿನಲ್ಲಿ ಸಂಸ್ಥೆ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿತು. 2009ರ ಡಿಸೆಂಬರ್ 31ಕ್ಕೆ ಭಾರತದ ಪ್ರಸಾರ ನಿಂತಿತು. ಉಪಗ್ರಹ ಆಕಾಶದಲ್ಲೇ ಇತ್ತು. ದನಿ ಮಾತ್ರ ಇರಲಿಲ್ಲ.

ಮರುದಿನ ಅವ್ವ ಪೆಟ್ಟಿಗೆಯ ಗುಂಡಿಗಳನ್ನೆಲ್ಲ ಒತ್ತಿ ನೋಡಿದಳು. ರಾತ್ರಿ ನಾನು ಬಂದಾಗ, "ಹೋಗ್ಲಿ ಬಿಡು. ನೀನ ಏನರ ಮಾತಾಡು" ಎಂದಳು.

ಬಾಯಿ ತೆರೆದೆ. ಆಫೀಸಿನ ಸುದ್ದಿ ಹೇಳಹೊರಟವನಿಗೆ ಎರಡನೆಯ ಮಾತಿಗೇ ಹಿಂದಿ ನುಗ್ಗಿತು. ಅವ್ವ ನಕ್ಕಳು. ನನಗೆ ನಗು ಬರಲಿಲ್ಲ. ಮೂರು ವರ್ಷ ಅವಳಿಗೆ ಆಕಾಶದಿಂದ ಬಂದ ಕನ್ನಡ, ಪಕ್ಕದ ಕುರ್ಚಿಯಿಂದ ಬಂದಿರಲಿಲ್ಲ.

ಅಂದಿನಿಂದ ಊಟವಾದ ಮೇಲೆ ಅರ್ಧ ತಾಸು ನಮ್ಮಿಬ್ಬರ ಪ್ರಸಾರ. ಬರಬರುತ್ತ ಮಕ್ಕಳೂ ಬಂದು ಕೂತರು. 2014ರಲ್ಲಿ ಅವ್ವ ಹೋಗುವವರೆಗೂ ಅದು ನಡೆಯಿತು.

ಆಂಟೆನಾ ಇನ್ನೂ ಆ ಕಿಟಕಿಯಲ್ಲೇ ಇದೆ. ನಿಮ್ಮ ಮನೆಯಲ್ಲೂ ಊರಿನಿಂದ ಬಂದ ಹಿರಿಯರಿದ್ದರೆ, ಇಂದು ರಾತ್ರಿ ಅವರ ಪಕ್ಕದಲ್ಲೊಂದು ಕುರ್ಚಿ ಹಾಕಿಕೊಂಡು ಕೂರಿ.