ಅಕ್ಕನ ಏಳು ಫೋಟೊ

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಖಾತೆ ತೆರೆಯಲು ಬಂದವರ ಫೋಟೊವನ್ನೊಮ್ಮೆ, ಎದುರಿಗೆ ನಿಂತವರ ಮುಖವನ್ನೊಮ್ಮೆ ನೋಡಿ ಅರ್ಜಿಗೆ ಅಂಟಿಸುತ್ತಿದ್ದೆ. ಮುಖ ಸರಿಯಾಗಿ ಕಾಣದಿದ್ದರೆ “ಇದು ಆಗಲ್ಲ, ಬೇರೆ ತೆಗೆಸಿಕೊಂಡು ಬನ್ನಿ” ಎಂದು ವಾಪಸ್ ಕಳಿಸುತ್ತಿದ್ದೆ. ಹಾಗೆ ಎಷ್ಟು ಜನರನ್ನು ಬಿಸಿಲಿನಲ್ಲಿ ಸ್ಟುಡಿಯೊಗೆ ಓಡಾಡಿಸಿದ್ದೇನೋ! ಆದರೆ ನಾನೇ ತೆಗೆದ ಫೋಟೊಗಳನ್ನು ಆ ಕಣ್ಣಿನಿಂದ ಒಂದು ದಿನವೂ ನೋಡಿರಲಿಲ್ಲ.

ಹೋದ ವರ್ಷ ಕಾರ್ತಿಕ ಮಾಸದಲ್ಲಿ ನನ್ನ ಅಕ್ಕ ತೀರಿಕೊಂಡಳು. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ಬೇಗ ಹೋದದ್ದರಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ನಾಲ್ಕನೆಯ ದಿನ ಅವಳ ಮಗ ಫೋನ್ ಮಾಡಿದ. “ಮಾವ, ವೈಕುಂಠ ಸಮಾರಾಧನೆ ದಿನ ಇಡೋದಕ್ಕೆ ಅಮ್ಮನ ಫೋಟೊ ಬೇಕು. ಮದುವೆಯಲ್ಲಿ ನೀವು ಅಷ್ಟೊಂದು ತೆಗೆದಿದ್ದಿರಲ್ಲ, ಒಳ್ಳೇದೊಂದು ನೋಡಿ ಕಳಿಸಿ” ಎಂದ.

ಅದಕ್ಕೇನು ಕಷ್ಟ ಎಂದುಕೊಂಡು ಮೊಬೈಲ್ ತೆಗೆದೆ. ಆ ಮದುವೆಯಲ್ಲಿ ನಾನು ತೆಗೆದ ಫೋಟೊ ಇನ್ನೂರಕ್ಕೂ ಹೆಚ್ಚು. ಅಕ್ಕ ಇದ್ದದ್ದು ಏಳರಲ್ಲಿ. ಆ ಏಳರಲ್ಲಿ ಅವಳ ಮುಖ ಮುಖವಾಗಿ ಕಾಣುವುದು ಒಂದೂ ಇರಲಿಲ್ಲ.

ಎಂಟನೇ ಕ್ಲಾಸು ಓದುವ ಮೊಮ್ಮಗಳು ಪಕ್ಕದಲ್ಲಿ ಕೂತಿದ್ದಳು. ಶಾಲೆಯ ವಾರ್ಷಿಕೋತ್ಸವಕ್ಕೆ ಫೋಟೊ ತೆಗೆಯುವ ತಂಡದಲ್ಲಿದ್ದಾಳೆ. “ತಾತ, ಒಂದೊಂದಾಗಿ ತೋರಿಸಿ” ಎಂದಳು. ತೋರಿಸಿದೆ.

ಮೊದಲನೆಯದರಲ್ಲಿ ಅಕ್ಕ ಬಾಗಿಲಲ್ಲಿ ನಿಂತಿದ್ದಾಳೆ. ಹಿಂದೆ ಅಂಗಳದ ಬಿಸಿಲು ಥಳಥಳ, ಮುಖ ಮಾತ್ರ ಕಪ್ಪು. “ಬೆಳಕು ಅವರ ಬೆನ್ನಿಗಿದೆ ತಾತ. ನೀವು ಬೆಳಕಿಗೆ ಬೆನ್ನು ಹಾಕಿ, ಅವರ ಮುಖ ಬೆಳಕಿನ ಕಡೆ ತಿರುಗಿಸಬೇಕಿತ್ತು” ಎಂದಳು. ಜಾಗ ಬದಲಿಸಲು ಆಗದಿದ್ದರೆ ಪರದೆಯ ಮೇಲೆ ಮುಖ ಇರುವಲ್ಲಿ ಬೆರಳಿನಿಂದ ಒಮ್ಮೆ ಮುಟ್ಟಬೇಕು. ಸಾಮಾನ್ಯವಾಗಿ ಫೋನು ಆಗ ಆ ಮುಖಕ್ಕೆ ತಕ್ಕಂತೆ ಬೆಳಕನ್ನು ಹೊಂದಿಸಿಕೊಳ್ಳುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ. ಹೊರಗಡೆಯಾದರೆ ಬೆಳಗಿನ ಎಳೆಬಿಸಿಲು, ಇಲ್ಲವೇ ಸಂಜೆಯ ಹೊತ್ತು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಕಣ್ಣಿನ ಗುಳಿಗಳಲ್ಲಿ ಕಪ್ಪು ನೆರಳು ಬಿದ್ದು ಎಂಥವರೂ ಕಾಯಿಲೆಯವರಂತೆ ಕಾಣುತ್ತಾರೆ.

ಎರಡನೆಯದು ಮಂಜು ಮುಸುಕಿದಂತಿತ್ತು. ಮೊಮ್ಮಗಳು ನನ್ನ ಮೊಬೈಲನ್ನು ಮಗುಚಿ ಲೆನ್ಸ್ ನೋಡಿ ನಕ್ಕಳು. ಅದರ ಮೇಲೆ ನನ್ನ ಬೆರಳಿನ ಜಿಡ್ಡು, ಮದುವೆಮನೆಯ ಲಾಡುವಿನ ತುಪ್ಪ. ಈಗ ನನ್ನ ಜೇಬಿನಲ್ಲಿ ಹಳೆಯ ಪಂಚೆಯ ಮೆತ್ತನೆಯ ತುಂಡೊಂದು ಸದಾ ಇರುತ್ತದೆ. ಕನ್ನಡಕವನ್ನೂ ಲೆನ್ಸನ್ನೂ ಒಟ್ಟಿಗೆ ಒರೆಸಿಕೊಳ್ಳುತ್ತೇನೆ.

ಮೂರನೆಯದನ್ನು ಚಪ್ಪರದ ಆ ತುದಿಯಿಂದ ಜೂಮ್ ಮಾಡಿ ತೆಗೆದಿದ್ದೆ. ಮುಖ ನೀರು ಬಿದ್ದ ಬಣ್ಣದ ಚಿತ್ರದಂತೆ ಕಲಸಿಹೋಗಿತ್ತು. ಎರಡು ಬೆರಳಿನಿಂದ ಬಹಳ ಹಿಗ್ಗಿಸಿದರೆ ಫೋನು ಚಿತ್ರದ ನಡುಭಾಗವನ್ನು ಕತ್ತರಿಸಿ ದೊಡ್ಡದು ಮಾಡುತ್ತದೆ ಅಷ್ಟೆ. ಇಲ್ಲದ ವಿವರ ಎಲ್ಲಿಂದ ಬರಬೇಕು? ಹತ್ತು ಹೆಜ್ಜೆ ನಡೆದು ಹತ್ತಿರ ಹೋಗಿದ್ದರೆ ಆಗುತ್ತಿತ್ತು. ಹೋಗಿದ್ದರೆ ಅಕ್ಕನ ಹತ್ತಿರ ಎರಡು ಮಾತೂ ಆಡಿ ಬರುತ್ತಿದ್ದೆ.

ನಾಲ್ಕನೆಯದು ರಾತ್ರಿಯ ಊಟದ ಪಂಕ್ತಿ. ಎಲ್ಲರೂ ಅಲುಗಾಡಿದ್ದಾರೆ. ಬೆಳಕು ಕಡಿಮೆಯಿದ್ದಾಗ ಕ್ಯಾಮೆರಾ ಹೆಚ್ಚು ಹೊತ್ತು ಬೆಳಕನ್ನು ಹೀರಿಕೊಳ್ಳಬೇಕು. ಅಷ್ಟರಲ್ಲಿ ನಮ್ಮ ಕೈ ನಡುಗಿದರೂ, ಎದುರಿನವರು ಕದಲಿದರೂ ಚಿತ್ರ ಕೆಡುತ್ತದೆ. ನಮ್ಮ ವಯಸ್ಸಿನವರ ಕೈ ನಡುಗುವುದು ಸಹಜ. ಎರಡೂ ಕೈಯಲ್ಲಿ ಹಿಡಿದು, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಕಂಬಕ್ಕೋ ಗೋಡೆಗೋ ಒರಗಿ, ಉಸಿರನ್ನು ಒಂದು ಕ್ಷಣ ಬಿಗಿಹಿಡಿದು ತೆಗೆಯಿರಿ. ಪರದೆಯನ್ನು ಒತ್ತುವಾಗ ಕೈ ಅಲುಗಿದರೆ, ಧ್ವನಿ ಹೆಚ್ಚಿಸುವ ಗುಂಡಿಯನ್ನು ಒತ್ತಿ ನೋಡಿ. ಬಹಳಷ್ಟು ಫೋನುಗಳಲ್ಲಿ ಅದರಿಂದಲೂ ಫೋಟೊ ತೆಗೆಯಬಹುದು.

ಐದನೆಯದರಲ್ಲಿ ಅಕ್ಕನ ತಲೆಯಿಂದಲೇ ಚಪ್ಪರದ ಕಂಬ ಮೊಳೆತಂತಿತ್ತು. ನನ್ನ ಕಣ್ಣು ಮುಖವನ್ನಷ್ಟೇ ನೋಡಿತ್ತು, ಕ್ಯಾಮೆರಾ ಎಲ್ಲವನ್ನೂ ನೋಡಿತ್ತು. ಗುಂಡಿ ಒತ್ತುವ ಮುಂಚೆ ಪರದೆಯ ನಾಲ್ಕೂ ಮೂಲೆಗೆ ಒಮ್ಮೆ ಕಣ್ಣು ಹಾಯಿಸಿದರೆ ಕಂಬ, ಕಸದ ಬುಟ್ಟಿ, ಪಕ್ಕದವರ ಅರ್ಧ ಕೈ ಎಲ್ಲ ಕಾಣುತ್ತವೆ. ಒಂದು ಹೆಜ್ಜೆ ಆಚೀಚೆ ಸರಿದರೆ ಸಾಕು.

ಆರನೆಯದರಲ್ಲಿ ಅಕ್ಕ ಚಾಪೆಯ ಮೇಲೆ ಕೂತು ಹೂ ಕಟ್ಟುತ್ತಿದ್ದಳು, ನಾನು ನಿಂತೇ ತೆಗೆದಿದ್ದೆ. ಕಾಣುವುದು ಬೆಳ್ಳಗಿನ ಬೈತಲೆ ಮಾತ್ರ. ಕೂತವರನ್ನು ಕೂತೇ ತೆಗೆಯಬೇಕು, ಮಕ್ಕಳನ್ನು ತೆಗೆಯುವಾಗ ಮಕ್ಕಳ ಎತ್ತರಕ್ಕೆ ಇಳಿಯಬೇಕು. ನಮ್ಮ ಮೈಸೂರಿನವರೇ ಆದ ಟಿ.ಎಸ್. ಸತ್ಯನ್ ಅವರು ತೆಗೆದ ಮಕ್ಕಳ ಚಿತ್ರಗಳು ಎಲ್ಲಾದರೂ ಸಿಕ್ಕರೆ ನೋಡಿ. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡಿದ್ದವು. ಮಂಡಿನೋವು ಇದ್ದವರು ಮಣೆಯೋ ಸ್ಟೂಲೋ ಹಾಕಿಕೊಳ್ಳಿ, ನಾನು ಹಾಗೇ ಮಾಡುವುದು.

ಏಳನೆಯದು ಕುಟುಂಬದವರೆಲ್ಲ ಸೇರಿದ ಫೋಟೊ. ಬೆಳಕು, ದೂರ ಎಲ್ಲ ಸರಿಯಿತ್ತು. ಅಕ್ಕನ ಕಣ್ಣು ಮಾತ್ರ ಮುಚ್ಚಿತ್ತು. ನಾನು ಒಂದೇ ಒಂದು ಸಲ ಒತ್ತಿ “ಆಯ್ತು, ಊಟಕ್ಕೆ ಏಳಿ” ಎಂದಿದ್ದೆ. ಹಿಂದೆ ನನ್ನ ಹತ್ತಿರ ಅಗ್ಫಾ ಕ್ಲಿಕ್ ತ್ರೀ ಕ್ಯಾಮೆರಾ ಇತ್ತು. ಒಂದು ರೋಲಿಗೆ ಹನ್ನೆರಡೇ ಚಿತ್ರ, ತೊಳೆಸಲು ಬೇರೆ ಖರ್ಚು. ಆ ಲೆಕ್ಕಾಚಾರ ಇನ್ನೂ ಕೈಯಿಂದ ಹೋಗಿಲ್ಲ. ಬೇಡದ ಕಡೆ ಇನ್ನೂರು ತೆಗೆದು, ಬೇಕಾದ ಕಡೆ ಒಂದಕ್ಕೇ ನಿಲ್ಲಿಸಿದ್ದೆ. ಗುಂಪಿನ ಫೋಟೊವನ್ನು ಐದಾರು ಸಲವಾದರೂ ತೆಗೆಯಬೇಕು.

ಕೊನೆಗೆ ಅಕ್ಕನ ಮಗನೇ ಒಂದು ಫೋಟೊ ಹುಡುಕಿದ. ಭಾವ ತೀರಿಕೊಂಡ ಮೇಲೆ ಪಿಂಚಣಿಗಾಗಿ ಅಕ್ಕನಿಗೆ ನಾನೇ ಖಾತೆ ತೆರೆಸಿದ್ದೆ. “ನೆಟ್ಟಗೆ ಕೂತ್ಕೊ, ನಗಬೇಡ, ಮುಖ ಚೆನ್ನಾಗಿ ಕಾಣಬೇಕು” ಎಂದು ಹೇಳಿ ಸ್ಟುಡಿಯೊದಲ್ಲಿ ತೆಗೆಸಿದ್ದ ಫೋಟೊ ಪಾಸ್‌ಬುಕ್ಕಿನಲ್ಲಿತ್ತು. ಅದನ್ನೇ ದೊಡ್ಡದು ಮಾಡಿ ಕಟ್ಟು ಹಾಕಿಸಿದರು. ಮುಖ ಚೆನ್ನಾಗಿಯೇ ಕಾಣುತ್ತದೆ. ಆದರೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಭುಜ ಕುಲುಕಿಸಿ ನಗುತ್ತಿದ್ದ ನನ್ನ ಅಕ್ಕ ಅದರಲ್ಲಿಲ್ಲ. ನಗಬೇಡ ಎಂದವನು ನಾನೇ.

ಅಂದಿನಿಂದ ಮೊಮ್ಮಗಳ ಹತ್ತಿರ ಪಾಠ ಹೇಳಿಸಿಕೊಳ್ಳುತ್ತಿದ್ದೇನೆ. ಬಿ.ಕಾಂ. ಓದಿದ ನನಗೆ ಬೆಳಕಿನ ವಿಜ್ಞಾನ ತಿಳಿಯದಿದ್ದರೂ ಲೆಕ್ಕ ತಿಳಿಯುತ್ತದೆ. ಬ್ಯಾಂಕಿನಲ್ಲಿ ದಿನದ ಲೆಕ್ಕ ತಾಳೆಯಾಗದೆ ಮನೆಗೆ ಹೋಗುವಂತಿರಲಿಲ್ಲ. ಹಾಗೆಯೇ ಈಗ ರಾತ್ರಿ ಮಲಗುವ ಮುಂಚೆ ಅಂದಿನ ಫೋಟೊಗಳನ್ನು ನೋಡಿ, ಕೆಟ್ಟದ್ದನ್ನು ಅಳಿಸಿ, ಒಳ್ಳೆಯದನ್ನು ಮಾತ್ರ ಉಳಿಸುತ್ತೇನೆ. ತಿಂಗಳಿಗೊಮ್ಮೆ ಅವನ್ನು ಮಗನ ಕಂಪ್ಯೂಟರಿಗೂ ಒಂದು ಪೆನ್‌ಡ್ರೈವಿಗೂ ಹಾಕಿಸುತ್ತೇನೆ. ಮೊಬೈಲ್ ಕಳೆದರೂ ಚಿತ್ರ ಉಳಿಯಬೇಕಲ್ಲ. ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ. ಪ್ರಿಂಟ್ ಹಾಕಿಸುವುದಿದ್ದರೆ ‘ಡಾಕ್ಯುಮೆಂಟ್’ ಎಂದು ಕಳಿಸಬೇಕು. ಇದನ್ನೂ ಮೊಮ್ಮಗಳೇ ಹೇಳಿಕೊಟ್ಟಳು.

ಈ ಸಂಕ್ರಾಂತಿಯ ಹಿಂದಿನ ದಿನ ನನ್ನ ಹೆಂಡತಿ ಅಡುಗೆಮನೆಯ ಕಿಟಕಿಯ ಪಕ್ಕ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಬೆಳಗಿನ ಬೆಳಕು ಒಂದು ಕೆನ್ನೆಯ ಮೇಲೆ ಬಿದ್ದಿತ್ತು. ಲೆನ್ಸ್ ಒರೆಸಿಕೊಂಡು, ಸ್ಟೂಲ್ ಎಳೆದು ಎದುರಿಗೆ ಕೂತೆ.

“ಈಗ ಯಾಕ್ರೀ ಫೋಟೊ? ಇರಿ, ಬೇರೆ ಸೀರೆ ಉಟ್ಕೊಂಡು ಬರ್ತೀನಿ” ಎಂದಳು.

“ಬೇಡ, ನೀನು ಸುಲಿ. ಮದುವೆಯಾದ ಹೊಸತರಲ್ಲಿ ನೀನು ಮಾಡಿದ ಮೊದಲನೇ ಸಾರು ನೆನಪಿದೆಯಾ, ಉಪ್ಪು ಎರಡು ಸಲ ಹಾಕಿದ್ದೆಯಲ್ಲ” ಎಂದೆ.

ಜೋರಾಗಿ ನಕ್ಕಳು. ನಾನು ಒಂದಾದ ಮೇಲೊಂದರಂತೆ ಆರು ತೆಗೆದೆ. ಐದನೆಯದು ಚೆನ್ನಾಗಿ ಬಂತು. ಪ್ರಿಂಟ್ ಹಾಕಿಸಿ ಟಿ.ವಿ. ಪಕ್ಕದಲ್ಲಿ ಇಟ್ಟಿದ್ದೇವೆ. ಯಾಕೆ ಅಷ್ಟು ಮುತುವರ್ಜಿಯಿಂದ ತೆಗೆದೆ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮಕ್ಕಳೇ, ಮುಂದಿನ ಭಾನುವಾರ ನಿಮ್ಮ ಅಜ್ಜಿಯನ್ನೋ ತಾತನನ್ನೋ ಕಿಟಕಿಯ ಪಕ್ಕ ಕೂರಿಸಿ. ಮೊದಲು ಲೆನ್ಸ್ ಒರೆಸಿ, ಹತ್ತಿರ ಹೋಗಿ, ಅವರ ಬಾಲ್ಯದ ಕಥೆಯೊಂದನ್ನು ಕೇಳಿ. ಅವರು ಹೇಳುತ್ತಿರುವಾಗ ಫೋಟೊ ತೆಗೆಯಿರಿ. ಹಿರಿಯರೇ, ಮಕ್ಕಳು ಬಂದಾಗ “ನನ್ನದೇನು ಫೋಟೊ, ಹೋಗೋ” ಎಂದು ಅಟ್ಟಬೇಡಿ. ಸುಮ್ಮನೆ ಕೂತು ಕಥೆ ಹೇಳಿ.