ನಮ್ಮ ಕಾರಿನ ದಮ್ಮು

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಕಾರಿಗೆ ದಮ್ಮು ಹತ್ತಿತು. ಕಾರಿಗೆಂಥ ದಮ್ಮು ಎಂದು ನಗಬೇಡಿ. ಓಡುವಾಗ ಅದಕ್ಕೆ ಯಾವ ತಕರಾರೂ ಇರಲಿಲ್ಲ. ಹುಬ್ಬಳ್ಳಿಯ ಕೇಶ್ವಾಪುರದಿಂದ ಹೊರಟು, ಉಣಕಲ್ಲ, ನವನಗರ, ರಾಯಾಪುರ, ಸತ್ತೂರ ದಾಟಿ, ಧಾರವಾಡದಲ್ಲಿ ನಾನು ಕನ್ನಡ ಕಲಿಸುವ ಕಾಲೇಜು ಮುಟ್ಟುವವರೆಗೆ, ದಾರಿ ಬಿಡುವಾಗಿದ್ದರೆ, ಹರೆಯದ ಕುದುರೆಯ ಹಾಗೆ ಓಡುತ್ತಿತ್ತು. ಆದರೆ ಹೊಸೂರ ಸರ್ಕಲ್ಲಿನಲ್ಲಿ ಕೆಂಪು ದೀಪ ಕಂಡು ನಿಂತಿತೋ, ಮೈಯೆಲ್ಲ ಗಡಗಡ ನಡುಗಿ, ಎರಡು ಸಲ ಬಿಕ್ಕಿ, ಆರಿಯೇ ಬಿಡುತ್ತಿತ್ತು. ದೀಪ ಹಸಿರಾಗುವುದು, ನಾನು ಕೀಲಿ ತಿರುವುತ್ತಿರುವುದು, ಹಿಂದಿನವರು ಹಾರ್ನಿನಲ್ಲಿಯೇ ನನ್ನ ಕುಲಗೋತ್ರ ವಿಚಾರಿಸುವುದು.

ಕಾರು ಮಾರುತಿ 800. ಮೂರು ಸಿಲಿಂಡರು, 796 ಸಿ.ಸಿ.; ಕಾರ್ಬೋರೇಟರಿನ ಕಾಲದ್ದು. ಹುಬ್ಬಳ್ಳಿಯ ರೇಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ನಮ್ಮ ತಂದೆ 1997ರಲ್ಲಿ ನಿವೃತ್ತರಾದಾಗ ಬಂದ ಹಣದಲ್ಲಿ ಕೊಂಡದ್ದು. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಮೂರು ಸಲ ನೋಂದಣಿಯನ್ನು ನವೀಕರಿಸಿ ಸಾಕಿಕೊಂಡು ಬಂದಿದ್ದೇವೆ. ಆ ಮಾದರಿಯ ತಯಾರಿಕೆಯೇ 2014ರಲ್ಲಿ ನಿಂತುಹೋಯಿತು. ತಂದೆಯವರಿಗೆ ಈಗ ಎಂಬತ್ತಾರು. ಕಿವಿ ಸುಮಾರು ಪೂರ್ತಿಯಾಗಿ ಹೋಗಿದೆ. ಕೊಡಿಸಿದ ಶ್ರವಣಯಂತ್ರ ಕಪಾಟಿನಲ್ಲಿ ಸುಖವಾಗಿದೆ.

ಒಬ್ಬ ಮಿಸ್ತ್ರಿ ಪ್ಲಗ್ಗು ಬದಲಿಸಿದ. ಇನ್ನೊಬ್ಬ ಕಾರ್ಬೋರೇಟರನ್ನು ಬಿಚ್ಚಿ, ತೊಳೆದು, ಜೋಡಿಸಿ, ತಲೆಯಾಡಿಸಿದ. "ಸರ, ಎಂಜಿನ್ ಮುದುಕ ಆಗೇತ್ರಿ. ಇದಕ್ಕ ರೊಕ್ಕ ಹಾಕೂದು ದಂಡ. ಬಂದಷ್ಟಕ್ಕ ಕೊಟ್ಟಬಿಡ್ರಿ" ಎಂದ. ನನಗೂ ಅದೇ ಸರಿ ಅನ್ನಿಸಿತು. ಗುಜರಿಯವನು ಬಂದು ನೋಡಿ ಬೆಲೆ ಹೇಳಿ ಹೋದ. ತಂದೆಗೆ ತಿಳಿಸಲಿಲ್ಲ. ಕಿವಿ ಕೇಳದವರಿಗೆ ಒಂದು ಮಾತು ಹೇಳಬೇಕಾದರೆ ಮೂರು ಸಲ ಕೂಗಬೇಕು. ಮೂರನೆಯ ಸಲಕ್ಕೆ ಮೃದುವಾದ ಮಾತೂ ಜಗಳದಂತೆ ಕೇಳುತ್ತದೆ. ಹಾಗಾಗಿ ಒಂದೆರಡು ವರ್ಷಗಳಿಂದ ಮನೆಯಲ್ಲಿ ಅವರಿಗೆ ಏನನ್ನೂ ಹೇಳದಿರುವುದೇ ರೂಢಿಯಾಗಿತ್ತು. ಅದನ್ನು ಅವರ ಮೇಲಿನ ಕಾಳಜಿ ಎಂದು ನಾನು ಕರೆದುಕೊಂಡಿದ್ದೆ.

ಕಾರನ್ನು ಕೊಡುವ ಹಿಂದಿನ ರವಿವಾರ ಅಂಗಳದಲ್ಲಿ ಅದನ್ನು ಕಡೆಯ ಸಲ ಚಾಲೂ ಮಾಡಿ ನಿಂತಿದ್ದೆ. ಅದು ಎಂದಿನಂತೆ ನಡುಗುತ್ತಿತ್ತು. ತಂದೆ ಕೋಲೂರಿಕೊಂಡು ಬಂದರು.

"ಅಪ್ಪಾ, ಬಿಸಲಾಗ ಯಾಕ ಬಂದ್ರಿ?" ಎಂದು ಕೂಗಿದೆ.

ಅವರು ಉತ್ತರ ಕೊಡಲಿಲ್ಲ. ಬಾನೆಟ್ಟಿನ ಅಂಚಿನ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ, ನಾಡಿ ನೋಡುವ ವೈದ್ಯರಂತೆ ನಿಂತರು. ಆಮೇಲೆ, "ಎಲ್ಲೋ ಗಾಳಿ ತಗೊಳ್ಳಾಕತ್ತೈತಿ. ಬಂದ್ ಮಾಡಿ ಮ್ಯಾಲಿನ ಫಿಲ್ಟರ್ ಡಬ್ಬಿ ಬಿಚ್ಚು. ಮತ್ತ ಚಾಲೂ ಮಾಡು" ಎಂದರು.

ಓದುಗರೆದುರು ನಾನು ಒಂದು ಅಜ್ಞಾನವನ್ನು ಒಪ್ಪಿಕೊಳ್ಳಬೇಕು. ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ 'ಶೂನ್ಯಸಂಪಾದನೆ'ಯ ಪಾಠ ಹೇಳಿದ್ದೇನೆ. ಶೂನ್ಯವೆಂದರೆ ಬರಿಯ ಇಲ್ಲದಿರುವಿಕೆ ಅಲ್ಲವೆಂದು ಗಂಟೆಗಟ್ಟಲೆ ವಿವರಿಸಿದ್ದೇನೆ. ನನ್ನ ಕಾರಿನೊಳಗೂ ಒಂದು ಶೂನ್ಯವಿದೆ, ಅದರ ಬಲದಿಂದಲೇ ಅದು ಉಸಿರಾಡುತ್ತದೆ ಎಂಬುದು ಮಾತ್ರ ನನಗೆ ತಿಳಿದಿರಲಿಲ್ಲ. ಪಿಸ್ಟನ್ನು ಕೆಳಗೆ ಸರಿದಾಗ ಗಾಳಿಯನ್ನು ಎಳೆದುಕೊಳ್ಳುತ್ತದೆ. ಗಾಡಿ ನಿಂತಾಗ ಕಾರ್ಬೋರೇಟರಿನ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುವುದರಿಂದ ಒಳನಳಿಗೆಯಲ್ಲಿ ನಿರ್ವಾತ ಹುಟ್ಟುತ್ತದೆ. ಸಮುದ್ರ ಮಟ್ಟದಲ್ಲಿ ಪಾದರಸದ ಸುಮಾರು 18ರಿಂದ 20 ಅಂಗುಲ, ಎರಡು ಸಾವಿರ ಅಡಿಗೂ ಎತ್ತರದಲ್ಲಿರುವ ನಮ್ಮ ಹುಬ್ಬಳ್ಳಿಯಲ್ಲಿ ಒಂದೆರಡು ಅಂಗುಲ ಕಡಿಮೆ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು ಹದಿನೈದು ಪಾಲು ಗಾಳಿ ಎಂಬುದು ಅದರ ಊಟದ ಲೆಕ್ಕ. ಎಲ್ಲಿಯೋ ಒಂದು ಸೀಳಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗಿ, ಸಾರಿಗೆ ನೀರು ಹೆಚ್ಚಾದಂತೆ ಮಿಶ್ರಣ ತೆಳುವಾಗುತ್ತದೆ. ಓಡುವಾಗ ಬಾಗಿಲು ತೆರೆದು ಬೇಕಾದಷ್ಟು ಗಾಳಿ ಬರುವುದರಿಂದ ಈ ಕಳ್ಳಗಾಳಿಯದು ಲೆಕ್ಕಕ್ಕಿಲ್ಲ. ನಿಂತಾಗ ಅದೇ ಸಾಕು, ಉಸಿರು ಕಟ್ಟಿಸಲು.

ತಂದೆಗೆ ಇದು ಪುಸ್ತಕದ ವಿದ್ಯೆಯಲ್ಲ. ಅವರ ಕಾಲದ ರೈಲುಗಳಲ್ಲಿ ಇದ್ದುದು ನಿರ್ವಾತದ ಬ್ರೇಕು. ಗಾಡಿಯ ಉದ್ದಕ್ಕೂ ಒಂದು ನಳಿಗೆ; ಅದರಲ್ಲಿ ಪಾದರಸದ ಸುಮಾರು 50 ಸೆಂಟಿಮೀಟರಿನಷ್ಟು ನಿರ್ವಾತ. ನಿರ್ವಾತವಿದ್ದರೆ ಬ್ರೇಕು ಬಿಟ್ಟಿರುತ್ತದೆ. ಗಾಳಿ ಹೊಕ್ಕರೆ ಹಿಡಿಯುತ್ತದೆ. ಒಂದು ರಬ್ಬರ್ ಕೊಳವೆ ಸೀಳಿದರೂ ಸಾಕು, ಇಡೀ ರೈಲು ನೆಲ ಕಚ್ಚಿ ನಿಲ್ಲುವುದು. ಮೂವತ್ತು ವರ್ಷ ಅವರು ಇಂಥ ಸೀಳುಗಳನ್ನು ಹುಡುಕಿದವರು. ಆಗ 'ಸುಂಯ್' ಎಂಬ ಸಪ್ಪಳವೇ ದಾರಿ ತೋರಿಸುತ್ತಿತ್ತಂತೆ. ಈಗ ಅದು ನನಗೆ ಕೇಳುತ್ತಿತ್ತು, ಅವರಿಗೆ ಕೇಳುತ್ತಿರಲಿಲ್ಲ; ಆದರೆ ಅದೇನೆಂದು ಅವರಿಗೆ ತಿಳಿದಿತ್ತು, ನನಗೆ ತಿಳಿದಿರಲಿಲ್ಲ.

ಊದುಬತ್ತಿ ಹಿಡಿದರೆ ಹೊಗೆ ಎತ್ತ ಎಳೆಯುವುದೆಂದು ಗೊತ್ತಾದೀತಲ್ಲ ಎಂದು ನಾನು ಜಾಣತನ ತೋರಿಸಿ ಕೈಸನ್ನೆ ಮಾಡಿದೆ. "ಪೆಟ್ರೋಲ್ ಮುಂದ ಬೆಂಕಿ ಹಿಡೀತಿಯೇನು, ಮಾಸ್ತರ?" ಎಂದು ಗದರಿದರು. ರಬ್ಬರ್ ಕೊಳವೆಗಳನ್ನು ಒಂದೊಂದಾಗಿ ನನ್ನಿಂದ ಇಕ್ಕಳದಲ್ಲಿ ಮೆಲ್ಲಗೆ ಅದುಮಿಸಿದರು. ಒಂದು ಅದುಮಿದರೂ ನಡುಕ ನಿಲ್ಲಲಿಲ್ಲ, ಇನ್ನೊಂದಕ್ಕೂ ಇಲ್ಲ. ಆಗ ತಾವೇ ತಿರುಗುವ ಪಂಕದಿಂದ ದೂರವಿರುವಂತೆ ಹಿಂಬದಿಯಿಂದ ಕೈಯಿಟ್ಟು, ನಳಿಗೆಯ ಬೆನ್ನನ್ನು ಬೆರಳತುದಿಯಿಂದ ತಡವುತ್ತ ಹೋದರು. ಒಂದೆಡೆ ಬೆರಳು ನಿಂತಿತು. ಒಮ್ಮೆಲೇ ಎಂಜಿನ್ನಿನ ನಡುಕವೂ ನಿಂತಿತು. ಬೆರಳು ತೆಗೆದರು, ನಡುಗಿತು. ಇಟ್ಟರು, ಸುಮ್ಮನಾಯಿತು. ಎಂಬತ್ತಾರರ ಆ ಮುಖದ ಮೇಲೆ ಆಗ ಮೂಡಿದ್ದನ್ನು ನಾನು ವರ್ಣಿಸಲಾರೆ. "ನೋಡು, ಜಗ್ಗತೈತಿ" ಎಂದು ನನ್ನ ಬೆರಳನ್ನು ಹಿಡಿದು ಅಲ್ಲಿಟ್ಟರು. ಕರು ಚೀಪಿದ ಹಾಗೆ ಎಳೆಯಿತು.

ಹಿಂದೆ ಕೆಟ್ಟುಹೋದ ಏಸಿಯನ್ನು ಕಿತ್ತುಹಾಕಿಸಿದಾಗ, ಅದರ ಕೊಳವೆ ಕೂಡುತ್ತಿದ್ದ ಸಣ್ಣ ಬಾಯಿಗೆ ಒಂದು ರಬ್ಬರ್ ಟೋಪಿ ಹಾಕಿದ್ದರು. ಹನ್ನೆರಡು ವರ್ಷ ಎಂಜಿನ್ನಿನ ಕಾವು ತಿಂದು, ಅದು ಒಣಗಿ, ಹಿಂದುಗಡೆ ಸೀಳಿತ್ತು. ಬೇಕಿಲ್ಲವೆಂದು ಮುಚ್ಚಿಟ್ಟ ಬಾಯಿ; ಅತ್ತ ಯಾರೂ ನೋಡಿರಲಿಲ್ಲ. ಹೊಸ ಟೋಪಿಯ ಬೆಲೆ ಒಂದು ಪ್ಲೇಟು ಗಿರ್ಮಿಟ್ಟಿನಷ್ಟೂ ಆಗಲಿಲ್ಲ.

ಸಂಜೆ ತಂದೆಯವರನ್ನು ಕೂರಿಸಿಕೊಂಡು ಉಣಕಲ್ಲ ಕೆರೆಯ ಕಡೆಗೆ ಹೊರಟೆ. ಹೊಸೂರ ಸರ್ಕಲ್ಲಿನಲ್ಲಿ ಕೆಂಪು ದೀಪ. ಕಾರು ನಿಂತು ಸಣ್ಣಗೆ ಗುನುಗುತ್ತಿತ್ತು. ಅವರು ಅಂಗೈಯನ್ನು ಮುಂದಿನ ಹಲಗೆಯ ಮೇಲಿಟ್ಟಿದ್ದರು. ನನಗೆ ತಡೆಯಲಿಲ್ಲ. ಅವರ ಕಿವಿಯ ಹತ್ತಿರ ಬಾಗಿ, "ಅಪ್ಪಾ, ಇದನ್ನ ಗುಜರಿಗೆ ಕೊಡಾಂವ ಇದ್ದೆ. ನಿಮಗ ಹೇಳಿರಲಿಲ್ಲ" ಎಂದೆ. ಕೂಗಿ ಹೇಳುವ ಮಾತಲ್ಲ. ಆದರೂ ಕೂಗಿಯೇ ಹೇಳಬೇಕಾಯಿತು. ಪಕ್ಕದ ಆಟೋದವನು ತಿರುಗಿ ನೋಡಿದ.

"ಗೊತ್ತಿತ್ತು" ಎಂದರು ತಂದೆ. "ಗುಜರಿಯಾಂವ ಬಂದು ಟಾಯರ್ ಒದ್ದು ನೋಡಿದ್ನಲ್ಲ, ಕಿಡಕ್ಯಾಗಿಂದ ನೋಡೇನಿ. ಕಿವಿ ಹೋಗ್ಯಾವ, ಕಣ್ಣು ಅದಾವ."

"ಮತ್ತ ಕೇಳಲಿಲ್ಲ ಯಾಕ?"

"ನೀನು ಹೇಳ್ತಿಯೇನೋ ಅಂತ ಕಾದೆ."

ದೀಪ ಹಸಿರಾಯಿತು. ಈ ಸಲ ಹಿಂದಿನವರು ಹಾರ್ನು ಬಾರಿಸಿದ್ದು ಕಾರಿನ ತಪ್ಪಿನಿಂದಲ್ಲ.